ಹೊಸ ಬ್ಯಾಟರಿ ಹಾಕಿದ ಮೇಲೆ ಕಾರು ಯಾಕೆ ಹೀಗೆ ಆಡುತ್ತಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುತ್ತೇನೆ. "ಬ್ಯಾಟರಿ ಹೊಸದು ಹಾಕಿಸಿದೆ, ಆದರೆ..." ಎಂದು ಶುರುವಾಗುವ ಫೋನು ದಿನಕ್ಕೆ ಒಂದಾದರೂ ಬರುತ್ತದೆ. ಆ 'ಆದರೆ' ಆದಮೇಲೆ ಜನ ಏನೇನು ಕೇಳುತ್ತಾರೋ ಅದನ್ನೇ ಇಲ್ಲಿ ಬರೆದಿದ್ದೇನೆ. ಇದು 12 ವೋಲ್ಟಿನ ಬ್ಯಾಟರಿ ಇರುವ ಪೆಟ್ರೋಲ್, ಡೀಸೆಲ್ ಕಾರುಗಳ ಮಾತು. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ ಹತ್ತಿರ ಮಾತ್ರ ಯಾರೂ ಕೈ ಹಾಕಬೇಡಿ.

ನಿನ್ನೆವರೆಗೆ ಸರಿ ಇದ್ದ ಗಾಡಿ ಬ್ಯಾಟರಿ ಬದಲಿಸಿದ ಕೂಡಲೇ ಯಾಕೆ ಕೆಡುತ್ತದೆ?

ಹೆಚ್ಚಿನ ಸಲ ಅದು ಕೆಟ್ಟಿರುವುದಿಲ್ಲ. ನಾನು ಇಂಥ ತೊಂದರೆಗಳನ್ನು ಎರಡು ರಾಶಿ ಮಾಡಿಕೊಳ್ಳುತ್ತೇನೆ. ಒಂದು, ಮರೆವು. ಇನ್ನೊಂದು, ಕರೆಂಟು ಸರಿಯಾಗಿ ಮುಟ್ಟದೇ ಇರುವುದು.

ಈಗಿನ ಕಾರಿನಲ್ಲಿ ಸಣ್ಣ ಸಣ್ಣ ಕಂಪ್ಯೂಟರುಗಳಿವೆ. ಇಂಜಿನ್ನಿಗೆ ಒಂದು, ಬ್ರೇಕಿಗೆ ಒಂದು, ಸ್ಟೇರಿಂಗಿಗೆ ಒಂದು, ಬಾಗಿಲು ಮತ್ತು ದೀಪಗಳಿಗೆ ಒಂದು. ಗಾಡಿ ಓಡಿದ ಹಾಗೆಲ್ಲ ಇವು ಕೆಲವು ಸಂಗತಿ ಕಲಿತು ಇಟ್ಟುಕೊಳ್ಳುತ್ತವೆ. ಗಾಜು ಮೇಲೆ ಎಲ್ಲಿಗೆ ಹೋಗಿ ನಿಲ್ಲಬೇಕು, ಗಾಡಿ ನಿಂತಾಗ ಇಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು, ಸ್ಟೇರಿಂಗ್ ನೆಟ್ಟಗಿದೆ ಅಂದರೆ ಎಲ್ಲಿ. ಬ್ಯಾಟರಿ ಬಿಚ್ಚಿದಾಗ ಇದರಲ್ಲಿ ಒಂದಿಷ್ಟು ಅಳಿಸಿ ಹೋಗುತ್ತದೆ. ಮತ್ತೆ ಕಲಿಸಿದರೆ ಸರಿಯಾಗುತ್ತದೆ. ಇದು ಮರೆವು.

ಎರಡನೆಯದು ಇದಕ್ಕಿಂತ ಸಾದಾ. ಬಿಚ್ಚಿ ಹಾಕುವಾಗ ಬ್ಯಾಟರಿಯ ಕಂಬಕ್ಕೆ ವೈರ್ ಹಿಡಿಸುವ ಕ್ಲಾಂಪ್ ಸಡಿಲ ಉಳಿದಿರುತ್ತದೆ, ಅರ್ಥಿಂಗ್ ವೈರ್ ಎಳೆದಿರುತ್ತದೆ, ಫ್ಯೂಸ್ ಹೋಗಿರುತ್ತದೆ.

ಯಾವುದು ಯಾವ ರಾಶಿ ಅಂತ ತಿಳಿಯುವುದು ಹೀಗೆ. ಮರೆವಿನ ತೊಂದರೆ ಸದಾ ಒಂದೇ ಥರ ಇರುತ್ತದೆ, ಓಡಿಸಿದಂತೆ ಕಡಿಮೆಯಾಗುತ್ತದೆ. ಮುಟ್ಟದ ತೊಂದರೆ ಬಂದು ಬಂದು ಹೋಗುತ್ತದೆ. ತಗ್ಗಿಗೆ ಬಿದ್ದಾಗ, ಮಳೆ ಬಂದಾಗ, ಸೆಲ್ಫ್ ಹೊಡೆದಾಗ ಕಾಣಿಸುತ್ತದೆ. ಎರಡನೆಯದನ್ನು ಮೊದಲು ನೋಡಿ. ಅದಕ್ಕೆ ದುಡ್ಡು ಬೇಡ, 10 ನಂಬರ್ ಪಾನಾ ಸಾಕು.

ಬ್ಯಾಟರಿ ಹೊಸದು. ಆದರೂ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್ ಅನ್ನುತ್ತದೆ, ಮೀಟರಿನ ದೀಪಗಳೆಲ್ಲ ಆರಿ ಹತ್ತುತ್ತವೆ. ಬ್ಯಾಟರಿ ಡುಪ್ಲಿಕೇಟಾ?

ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಬಾನೆಟ್ ಎತ್ತಿ. ಮೈನಸ್ ಕ್ಲಾಂಪ್ ಹಿಡಿದು ಕೈಯಿಂದ ತಿರುಗಿಸಿ. ಒಂದು ಕೂದಲೆಳೆಯಷ್ಟು ಅಲುಗಿದರೂ ಅದೇ ಕಾರಣ. ಪ್ಲಸ್ ಕಡೆಗೂ ಹಾಗೇ ನೋಡಿ.

ಸೆಲ್ಫ್ ಮೋಟಾರ್ ಸಣ್ಣ ಕಾರಿನಲ್ಲೂ ನೂರಕ್ಕಿಂತ ಹೆಚ್ಚು ಆಂಪ್ ಎಳೆಯುತ್ತದೆ. ದೀಪ ಹತ್ತಲು ಐದಾರು ಆಂಪ್ ಸಾಕು. ಅದಕ್ಕೇ ಸಡಿಲ ಕ್ಲಾಂಪಿನಲ್ಲೂ ದೀಪ ಹತ್ತುತ್ತದೆ, ಹಾರ್ನ್ ಆಗುತ್ತದೆ, ಸೆಲ್ಫ್ ಮಾತ್ರ ಹೊಡೆಯುವುದಿಲ್ಲ. "ಹಾರ್ನ್ ಜೋರಾಗಿ ಬರ್ತದ, ಹಂಗಾದ್ರ ಬ್ಯಾಟರಿ ಕರೆಕ್ಟ್ ಐತಿ" ಅನ್ನುವ ನಮ್ಮ ಕಡೆಯ ಲೆಕ್ಕ ಅರ್ಧ ಸರಿ ಅಷ್ಟೇ.

ಕ್ಲಾಂಪ್ ಬಿಗಿ ಮಾಡಿದರೂ ಸಡಿಲ ಯಾಕೆ ಉಳಿಯುತ್ತದೆ? ಬ್ಯಾಟರಿಯ ಕಂಬಗಳಲ್ಲಿ ಎರಡು ಅಳತೆ ಇವೆ. ದಪ್ಪ ಕಂಬದಲ್ಲಿ ಪ್ಲಸ್ 17 ಮಿಲಿಮೀಟರ್ ದಾಟುತ್ತದೆ. ಸಣ್ಣ ಕಂಬದಲ್ಲಿ 15ರ ಒಳಗೇ ಇರುತ್ತದೆ. ದಪ್ಪ ಕಂಬಕ್ಕೆ ಇದ್ದ ಕ್ಲಾಂಪನ್ನು ಸಣ್ಣ ಕಂಬಕ್ಕೆ ಹಾಕಿದರೆ ಬೋಲ್ಟ್ ಪೂರ್ತಿ ತಿರುಗುತ್ತದೆ, ಕ್ಲಾಂಪಿನ ಎರಡು ತುಟಿ ಒಂದಕ್ಕೊಂದು ಅಂಟುತ್ತವೆ, ಒಳಗೆ ಮಾತ್ರ ಜಾಗ ಉಳಿಯುತ್ತದೆ. ಬಿಗಿ ಮಾಡಿದವನಿಗೂ ಬಿಗಿಯಾಯಿತು ಅಂತಲೇ ಅನ್ನಿಸುತ್ತದೆ. ಕೆಲವರು ಸಂದಿಯಲ್ಲಿ ಮೊಳೆ ಹೊಡೆಯುತ್ತಾರೆ, ತಗಡು ಮಡಚಿ ಇಡುತ್ತಾರೆ. ಎರಡು ತಿಂಗಳು ನಡೆಯುತ್ತದೆ, ಆಮೇಲೆ ಅಲ್ಲೇ ಕಾದು ಕಪ್ಪಾಗುತ್ತದೆ. ಇದಕ್ಕೆಂದೇ ಸೀಸದ ಸಣ್ಣ ಟೋಪಿ ಸಿಗುತ್ತದೆ, ಕಂಬದ ಮೇಲೆ ಕೂರಿಸಿದರೆ ಅಳತೆ ಸರಿಹೋಗುತ್ತದೆ. ಅಥವಾ ಕ್ಲಾಂಪನ್ನೇ ಬದಲಿಸಿ.

ಒಂದು ಸಲ ಗದಗಿಗೆ ಹೊರಟ ಒಂದು ಕುಟುಂಬ ಅಣ್ಣಿಗೇರಿ ದಾಟಿದ ಮೇಲೆ ಚಹಾಕ್ಕೆ ಅಂತ ಗಾಡಿ ನಿಲ್ಲಿಸಿತು. ಮತ್ತೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಹಾಕಿ ಮೂರೇ ದಿನ. ಫೋನಿನಲ್ಲೇ ಮೈನಸ್ ಕ್ಲಾಂಪ್ ತಿರುಗಿಸಿ ನೋಡಲು ಹೇಳಿದೆ. ಬಳೆ ತಿರುಗಿದ ಹಾಗೆ ತಿರುಗಿತಂತೆ. ಬ್ಯಾಟರಿಯ ಕಂಬ ಮೇಲೆ ಸಣ್ಣ, ಕೆಳಗೆ ದಪ್ಪ ಇರುತ್ತದೆ. ಹಾಕಿದವರು ಕ್ಲಾಂಪನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಅಲ್ಲೇ ಹೊಲಕ್ಕೆ ಹೊರಟಿದ್ದ ಟ್ರ್ಯಾಕ್ಟರಿನವರ ಹತ್ತಿರ ಪಾನಾ ಇಸಿದುಕೊಂಡು, ಬೋಲ್ಟ್ ಸಡಿಲಿಸಿ, ಕ್ಲಾಂಪನ್ನು ಬುಡದವರೆಗೆ ಒತ್ತಿ ಮತ್ತೆ ಬಿಗಿ ಮಾಡಿದರು. ಒಂದೇ ಸೆಲ್ಫಿಗೆ ಹೊಡೆಯಿತು. ಕೂರಿಸುವಾಗ ಸುತ್ತಿಗೆಯಿಂದ ಹೊಡೆಯಬೇಡಿ, ಕಂಬದ ಬುಡ ಬಿರುಕು ಬಿಟ್ಟು ಆಸಿಡ್ ಜಿನುಗುತ್ತದೆ.

ಕ್ಲಾಂಪ್ ಬಿಗಿ ಇದೆ, ಬ್ಯಾಟರಿ ಚಾರ್ಜೂ ಇದೆ. ಆದರೂ ಸೆಲ್ಫ್ ಎಳೆದು ಎಳೆದು ಹೊಡೆಯುತ್ತದೆ.

ಹಾಗಾದರೆ ಅರ್ಥಿಂಗ್ ನೋಡಿ. ಬ್ಯಾಟರಿಯ ಮೈನಸ್‌ನಿಂದ ಒಂದು ದಪ್ಪ ವೈರ್ ಬಾಡಿಗೆ, ಇನ್ನೊಂದು ಇಂಜಿನ್ ಅಥವಾ ಗೇರ್‌ಬಾಕ್ಸಿಗೆ ಹೋಗಿರುತ್ತದೆ. ಬಾಡಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು ಹಿಡಿಯುತ್ತದೆ. ಗದಗ, ನವಲಗುಂದ ಕಡೆ ಎರೆ ಮಣ್ಣಿನಲ್ಲಿ ಓಡುವ ಗಾಡಿಗಳಲ್ಲಿ ಇದನ್ನು ಭಾಳ ನೋಡಿದ್ದೇನೆ. ಮಳೆಗಾಲದಲ್ಲಿ ಆ ಮಣ್ಣು ಹಿಟ್ಟಿನ ಹಾಗೆ ಮೆತ್ತಿಕೊಂಡು ತಿಂಗಳುಗಟ್ಟಲೆ ತೇವ ಹಿಡಿದು ಕೂರುತ್ತದೆ.

ವೋಲ್ಟ್, ಆಂಪ್ ಅಳೆಯುವ ಮಲ್ಟಿಮೀಟರ್ ಇದ್ದರೆ ಎರಡು ನಿಮಿಷದ ಕೆಲಸ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಕೆಂಪು ಕಡ್ಡಿಯನ್ನು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಮುಟ್ಟಿಸಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. 0.2 ವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. 0.5 ದಾಟಿದರೆ ವೈರ್ ಬಿಚ್ಚಿ, ಎರಡೂ ತುದಿ ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಬಿಗಿ ಮಾಡಿ.

ಬ್ಯಾಟರಿ ನಿಜವಾಗಿ ಚೆನ್ನಾಗಿದೆಯಾ ಅಂತ ಹೇಗೆ ನೋಡುವುದು?

ಗಾಡಿ ಬಂದ್ ಮಾಡಿ ಐದಾರು ತಾಸು ಬಿಟ್ಟು ಅಳೆಯಿರಿ. 12.6 ವೋಲ್ಟ್ ಅಥವಾ ಸ್ವಲ್ಪ ಮೇಲಿದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಬಂದರೆ ಡೌನ್ ಆಗಿದೆ ಅಂತಲೇ ತಿಳಿಯಿರಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಅಂಗಡಿಯಲ್ಲಿ ಕೊಳ್ಳುವಾಗಲೇ ಮೀಟರ್ ಹಚ್ಚಿಸಿ ನೋಡಿ. ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂತ ಬ್ಯಾಟರಿ ಹೊಸದೇ ಆದರೂ ಹಸಿದಿರುತ್ತದೆ.

ಗಾಡಿ ಸ್ಟಾರ್ಟ್ ಆಗುತ್ತದೆ. ಆದರೆ ಸಿಗ್ನಲ್‌ನಲ್ಲಿ ನಿಂತಾಗ ಬಂದ್ ಬೀಳುತ್ತದೆ. ಮೊದಲು ಹೀಗಿರಲಿಲ್ಲ.

ಇದು ಮರೆವಿನ ರಾಶಿಯದು. ಪೆಟ್ರೋಲ್ ಗಾಡಿಗಳಲ್ಲಿ, ಅದರಲ್ಲೂ 40-50 ಸಾವಿರ ಕಿಲೋಮೀಟರ್ ಓಡಿದವುಗಳಲ್ಲಿ ಜಾಸ್ತಿ.

ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಬಾಡಿ ಅಂತ ಇದೆ. ಅದರೊಳಗೆ ಬಿಲ್ಲೆಯಂಥ ಒಂದು ಮುಚ್ಚಳ. ವರ್ಷ ಕಳೆದಂತೆ ಅದರ ಅಂಚಿಗೆ ಮಸಿ ಕೂರುತ್ತದೆ, ಗಾಳಿ ನುಸುಳುವ ಸಂದಿ ಸಣ್ಣದಾಗುತ್ತದೆ. ಇಂಜಿನ್ನಿನ ಕಂಪ್ಯೂಟರ್ ಜಾಣ. ಮಸಿ ಕೂತಷ್ಟೂ ಮುಚ್ಚಳವನ್ನು ಒಂದು ಎಳೆ ಜಾಸ್ತಿ ತೆರೆಯುತ್ತಾ ಬರುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಬಿಚ್ಚಿದ ದಿನ ಆ ಲೆಕ್ಕ ಅಳಿಸುತ್ತದೆ. ಕಂಪ್ಯೂಟರ್ ಹೊಸ ಕಾರಿನ ಲೆಕ್ಕಕ್ಕೆ ಹೋಗುತ್ತದೆ, ಮಸಿ ಮಾತ್ರ ಹಳೆಯದೇ ಇರುತ್ತದೆ. ಗಾಳಿ ಸಾಲದೆ ಇಂಜಿನ್ ಉಸಿರುಗಟ್ಟುತ್ತದೆ. ಇಲ್ಲಿ ಬ್ಯಾಟರಿಯ ತಪ್ಪೇನೂ ಇಲ್ಲ, ಮೊದಲೇ ಇದ್ದ ಮಸಿಯನ್ನು ಅದು ತೋರಿಸಿಕೊಟ್ಟಿತು ಅಷ್ಟೇ.

ಕಲಿಸುವುದು ಹೀಗೆ. ಎಸಿ, ದೀಪ, ಸ್ಟೀರಿಯೋ ಎಲ್ಲ ಆಫ್ ಮಾಡಿ ಸ್ಟಾರ್ಟ್ ಮಾಡಿ. ಎಕ್ಸಲರೇಟರ್ ಮುಟ್ಟಬೇಡಿ. ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ, ಹತ್ತು ಹದಿನೈದು ನಿಮಿಷ, ಸುಮ್ನೆ ಬಿಡಿ. ಆಮೇಲೆ ಎಸಿ ಹಾಕಿ ಇನ್ನೊಂದು ಐದು ನಿಮಿಷ. ನಂತರ ಓಡಿಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೆ ಸುಮಾರು 40 ಕಿಲೋಮೀಟರ್. ಹೋಗುವಾಗ ಊರೊಳಗಿನ ರಸ್ತೆ ಹಿಡಿಯಿರಿ, ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವುದಾಗುತ್ತದೆ. ಬರುವಾಗ ಬೈಪಾಸ್ ಹಿಡಿಯಿರಿ. ಎರಡೂ ಥರದ ಓಟ ಸಿಕ್ಕರೆ ಬೇಗ ಕಲಿಯುತ್ತದೆ.

ಆದರೂ ಬಂದ್ ಬೀಳುತ್ತಿದ್ದರೆ ಥ್ರಾಟಲ್ ಬಾಡಿ ತೊಳೆಸಿ, ಕಾರಿನ ಕಂಪ್ಯೂಟರುಗಳ ಜೊತೆ ಮಾತಾಡುವ ಸ್ಕ್ಯಾನರ್ ಹಚ್ಚಿ ಹೊಸದಾಗಿ ಕಲಿಸಬೇಕು. ತೊಳೆದು, ಕಲಿಸದೆ ಬಿಟ್ಟರೆ ಉಲ್ಟಾ ಆಗುವುದೂ ಉಂಟು, ನಿಂತಲ್ಲೇ ಇಂಜಿನ್ ಜೋರಾಗಿ ಕೂಗುತ್ತದೆ. ಬೆರಳು ಹಾಕಿ ಆ ಬಿಲ್ಲೆಯನ್ನು ನೂಕಬೇಡಿ, ಒಳಗೆ ಮೋಟಾರಿನ ಹಲ್ಲುಚಕ್ರ ಇದೆ.

ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್ ಒಂದೆರಡು ದಿನ ಜರ್ಕ್ ಹೊಡೆಯುವುದೂ ಇದೇ ಜಾತಿಯ ಮರೆವು. ವಾರ ಕಳೆದರೂ ಹೋಗದಿದ್ದರೆ ತೋರಿಸಿ.

ಕಿಟಕಿ ಗಾಜು ಒಂದೇ ಒತ್ತಿಗೆ ಮೇಲೆ ಹೋಗುತ್ತಿತ್ತು. ಈಗ ಹಿಡಿದೇ ಇರಬೇಕು, ಇಲ್ಲಾ ಅರ್ಧಕ್ಕೆ ಬಂದು ವಾಪಸ್ ಇಳಿಯುತ್ತದೆ.

ಗಾಜಿಗೆ ತನ್ನ ಮೇಲಿನ ತುದಿ ಎಲ್ಲಿದೆ ಎಂಬುದು ಮರೆತಿದೆ. ಕೀ ಆನ್ ಮಾಡಿ. ಗಾಜನ್ನು ಪೂರ್ತಿ ಇಳಿಸಿ, ಸ್ವಿಚ್ಚನ್ನು ಇನ್ನೂ ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಪೂರ್ತಿ ಏರಿಸಿ, ಮತ್ತೆ ಹಾಗೇ ಹಿಡಿಯಿರಿ. ಆಟೋ ಇರುವ ಪ್ರತಿ ಗಾಜಿಗೂ ಬೇರೆ ಬೇರೆ ಮಾಡಬೇಕು. ಸನ್‌ರೂಫಿಗೂ ಇಂಥದ್ದೇ ಕ್ರಮ ಇರುತ್ತದೆ, ಮ್ಯಾನುಯಲ್ ನೋಡಿ.

ಒಂದು ಎಚ್ಚರ. ಬೆರಳು ಸಿಕ್ಕರೆ ಗಾಜು ತಾನೇ ವಾಪಸ್ ಇಳಿಯುವ ವ್ಯವಸ್ಥೆ ಕೆಲವು ಕಾರುಗಳಲ್ಲಿದೆ. ಮತ್ತೆ ಕಲಿಸುವವರೆಗೆ ಅದು ಕೆಲಸ ಮಾಡದೇ ಇರಬಹುದು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನಾಳೆಗೆ ಬಿಡಬೇಡಿ.

ಮೀಟರಿನಲ್ಲಿ ಸ್ಟೇರಿಂಗ್ ಗುರುತು, ಜಾರುವ ಕಾರಿನ ಗುರುತು ಹತ್ತಿಕೊಂಡಿದೆ.

ಗಾಬರಿ ಬೇಡ. ಸ್ಟೇರಿಂಗ್ ನೆಟ್ಟಗಿನ ಜಾಗ ಎಲ್ಲಿ ಅಂತ ಸೆನ್ಸರ್ ಮರೆತಿದೆ. ಖಾಲಿ ಜಾಗದಲ್ಲಿ ಇಂಜಿನ್ ಚಾಲೂ ಇಟ್ಟು, ಸ್ಟೇರಿಂಗನ್ನು ಎಡಗಡೆ ಕೊನೆತನಕ, ಬಲಗಡೆ ಕೊನೆತನಕ ತಿರುಗಿಸಿ ನೆಟ್ಟಗೆ ತನ್ನಿ. ಆಮೇಲೆ ನೆಟ್ಟಗಿನ ರಸ್ತೆಯಲ್ಲಿ 30-40 ವೇಗದಲ್ಲಿ ಸ್ವಲ್ಪ ದೂರ ಓಡಿಸಿ. ಹೆಚ್ಚಿನ ಗಾಡಿಗಳಲ್ಲಿ ಅಷ್ಟಕ್ಕೇ ಆರುತ್ತದೆ. ಆರದಿದ್ದರೆ ಸ್ಕ್ಯಾನರ್ ಬೇಕು. ಸ್ಟೇರಿಂಗ್ ಗಟ್ಟಿಯಾಗಿದ್ದರೆ ಅದು ಬೇರೆ ಮಾತು. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಜಾಸ್ತಿ ಕರೆಂಟು ತಿನ್ನುವ ಸಾಮಾನು. ಕ್ಲಾಂಪ್ ಸಡಿಲ ಇದ್ದರೆ ಮೊದಲು ಮುನಿಸಿಕೊಳ್ಳುವುದೇ ಅದು.

ಏರ್‌ಬ್ಯಾಗ್ ದೀಪ?

ಇದನ್ನು ಮನೆಯಲ್ಲಿ ನೋಡಬೇಡಿ. ಆ ವೈರುಗಳಿಗೆ ಮೀಟರ್ ಹಚ್ಚುವುದೂ ಬೇಡ. ಸ್ಕ್ಯಾನರ್ ಇದ್ದವರ ಹತ್ತಿರ ಹೋಗಿ.

ಪ್ಲಸ್ ಮೈನಸ್ ಅದಲುಬದಲು ಆಯಿತು. ಒಂದೇ ಕಿಡಿ, ತಕ್ಷಣ ತೆಗೆದೆ. ಈಗ ಏನೂ ಹತ್ತುತ್ತಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಮೊದಲು ಪ್ರಾಣ ಬಿಡುವುದು ಪ್ಲಸ್ ಹತ್ತಿರದ ದೊಡ್ಡ ಫ್ಯೂಸ್. ಅದು ಹೋಗಿದ್ದರೆ ನಿಮ್ಮ ಪುಣ್ಯ, ಉಳಿದದ್ದು ಬದುಕಿರಬಹುದು. ಬಾನೆಟ್ ಒಳಗಿನ ಫ್ಯೂಸ್ ಬಾಕ್ಸಿನಲ್ಲಿ 80, 100, 120 ಎಂದು ಬರೆದ ಅಗಲ ಫ್ಯೂಸುಗಳಿರುತ್ತವೆ. ಕೆಲವು ಬೋಲ್ಟಿನಿಂದ ಬಿಗಿದಿರುತ್ತವೆ. ಬ್ಯಾಟರಿ ಬಿಚ್ಚಿಟ್ಟೇ ಅವನ್ನು ತೆಗೆಯಬೇಕು. ಅದರ ನಂತರದ ಪಾಳಿ, ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡುಗಳದ್ದು. ಆಮೇಲೆ ಸ್ಟೀರಿಯೋ, ಕಂಪ್ಯೂಟರ್.

ಹೋದ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಓಡಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ತಂತಿ ಫ್ಯೂಸಿನ ಕೆಲಸ ಮಾಡುವುದಿಲ್ಲ, ಮುಂದಿನ ಸಲ ವೈರಿಂಗೇ ಸುಡುತ್ತದೆ.

ಈ ತಪ್ಪಿಗೆ ಒಂದು ಕಾರಣ ಬ್ಯಾಟರಿಯ ಮೇಲಿನ ಕೊನೆಯ ಅಕ್ಷರ. 38ಬಿ20ಎಲ್, 38ಬಿ20ಆರ್ ಎಂಬ ಎರಡು ಬ್ಯಾಟರಿ ಅಕ್ಕಪಕ್ಕ ಇಟ್ಟರೆ ಅವಳಿಯ ಹಾಗೆ ಕಾಣುತ್ತವೆ. ಎಲ್ ಮತ್ತು ಆರ್ ಅಂದರೆ ಕಂಬಗಳ ಎಡ ಬಲ. ತಪ್ಪಿದ್ದು ತಂದರೆ ಕೇಬಲ್ ಮುಟ್ಟುವುದಿಲ್ಲ, ಎಳೆದು ಮುಟ್ಟಿಸಲು ಹೋದಾಗಲೇ ಎಡವಟ್ಟು. ಹಳೆಯ ಬ್ಯಾಟರಿಯ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ. ಎತ್ತರವನ್ನೂ ನೋಡಿ, ಬಾನೆಟ್ ಮುಚ್ಚಿದಾಗ ಪ್ಲಸ್ ಕಂಬ ತಗಡಿಗೆ ತಾಗಿದರೆ ಬೆಂಕಿಗೇ ದಾರಿ.

ಸೆಲ್ಫ್ ಹೊಡೆಯುತ್ತದೆ, ಆದರೆ ಬ್ಲೋವರ್ ಇಲ್ಲ, ಒಂದು ಹೆಡ್‌ಲೈಟ್ ಇಲ್ಲ. ಅದಲುಬದಲೂ ಮಾಡಿಲ್ಲ.

ಕೆಲವು ಕಾರುಗಳಲ್ಲಿ ಪ್ಲಸ್ ಕ್ಲಾಂಪಿನ ಮೇಲೆಯೇ ಫ್ಯೂಸುಗಳ ಸಣ್ಣ ಪೆಟ್ಟಿಗೆ ಕೂತಿರುತ್ತದೆ. ಬ್ಯಾಟರಿ ಹೊರಗೆಳೆಯುವಾಗ ಅದನ್ನು ಬಾಗಿಸಿದರೆ ಒಳಗಿನ ಪಟ್ಟಿ ಬಿರುಕು ಬಿಡುತ್ತದೆ. ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಫ್ಯೂಸಿನ ಎರಡೂ ತುದಿಯಲ್ಲಿ 12 ವೋಲ್ಟ್ ಬರುತ್ತಿದೆಯಾ ಅಂತ ಅಳೆಯಬೇಕು.

ಬ್ಯಾಟರಿ ಗುರುತಿನ ಕೆಂಪು ದೀಪ ಇಂಜಿನ್ ಚಾಲೂ ಇದ್ದಾಗಲೂ ಆರುತ್ತಿಲ್ಲ. ಹೊಸ ಬ್ಯಾಟರಿ ವಾಪಸ್ ಕೊಡಲಾ?

ಆ ದೀಪಕ್ಕೆ ಬ್ಯಾಟರಿಯ ಚಿತ್ರ ಇದ್ದರೂ ಅದು ಹೇಳುವುದು ಚಾರ್ಜ್ ಬರುತ್ತಿಲ್ಲ ಅಂತ. ಇಂಜಿನ್ ಓಡುವಾಗ ಬ್ಯಾಟರಿಯ ಕಂಬಗಳಲ್ಲಿ 13.8ರಿಂದ 14.5 ವೋಲ್ಟ್ ಕಾಣಬೇಕು. 12ರ ಆಸುಪಾಸೇ ಇದ್ದರೆ ಆಲ್ಟರ್ನೇಟರ್, ಅದರ ಬೆಲ್ಟ್, ಅಥವಾ ಮಧ್ಯದ ಫ್ಯೂಸ್ ನೋಡಿ. 15 ದಾಟಿದರೆ ಇನ್ನೂ ಕೆಟ್ಟದ್ದು, ಬ್ಯಾಟರಿ ಕುದಿಯುತ್ತದೆ. ಹೊಸ ಮಾಡೆಲ್ಲುಗಳಲ್ಲಿ ಆಲ್ಟರ್ನೇಟರನ್ನು ಕಂಪ್ಯೂಟರೇ ಏರಿಸಿ ಇಳಿಸುತ್ತದೆ, ಅಲ್ಲಿ ಆಗಾಗ 12.8 ಕಂಡರೂ ಅದು ದೋಷ ಅಲ್ಲ. ಆದರೆ ಆಗ ಕೆಂಪು ದೀಪ ಹತ್ತಿರುವುದಿಲ್ಲ.

ಎಷ್ಟೋ ಸಲ ಹಳೆ ಬ್ಯಾಟರಿ ಸತ್ತದ್ದೇ ಚಾರ್ಜ್ ಆಗದೆ. ಅದನ್ನು ಅಳೆಯದೆ ಹೊಸದು ಹಾಕುತ್ತಾರೆ, ಎರಡು ದಿನಕ್ಕೆ ಅದೂ ಮಲಗುತ್ತದೆ. ಓಡುವಾಗ ಕೆಂಪು ದೀಪ ಹತ್ತಿದರೆ ಎಸಿ, ಸ್ಟೀರಿಯೋ ಬಂದ್ ಮಾಡಿ ಹತ್ತಿರದ ಊರು ಸೇರಿ. ಮಧ್ಯ ಎಲ್ಲೂ ಇಂಜಿನ್ ಆಫ್ ಮಾಡಬೇಡಿ. ಜೊತೆಗೆ ಟೆಂಪರೇಚರ್ ಏರಿದರೆ ಅಥವಾ ಸ್ಟೇರಿಂಗ್ ಗಟ್ಟಿಯಾದರೆ ಬೆಲ್ಟ್ ಹರಿದಿರಬಹುದು. ಆಗ ಮಾತ್ರ ಅಲ್ಲೇ ನಿಲ್ಲಿಸಿ.

ಇಂಜಿನ್ ಓಡುವಾಗ ಮೈನಸ್ ಕಿತ್ತು "ಆಲ್ಟರ್ನೇಟರ್ ಟೆಸ್ಟ್" ಮಾಡುವ ಹಳೇ ಪದ್ಧತಿ ಈಗಿನ ಗಾಡಿಗೆ ವಿಷ. ಆ ಕ್ಷಣಕ್ಕೆ ವೋಲ್ಟೇಜ್ ಜಿಗಿದು ಕಂಪ್ಯೂಟರುಗಳೇ ಹೋಗಬಹುದು.

ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಡೌನ್. ಚಾರ್ಜಿಂಗ್ ಸರಿ ಇದೆ ಅಂತ ಹೇಳಿದರು.

ಯಾರೋ ರಾತ್ರಿ ಕರೆಂಟು ಕದಿಯುತ್ತಿದ್ದಾರೆ. ಲಾಕ್ ಮಾಡಿದ ಕಾರು ಕೂಡ ಗಡಿಯಾರ, ರಿಮೋಟ್, ಅಲಾರಂಗೆ ಅಂತ 20ರಿಂದ 50 ಮಿಲಿ ಆಂಪ್ ತಿನ್ನುತ್ತದೆ. ಅದು ಸಹಜ. 40 ಮಿಲಿ ಆಂಪ್ ಅಂದರೆ ದಿನಕ್ಕೆ ಸುಮಾರು 1 ಆಂಪ್-ಅವರ್, ಅಂದರೆ 1 ಆಂಪ್ ಒಂದು ತಾಸು ಹರಿದಷ್ಟು. 35 ಆಂಪ್-ಅವರ್ ಬ್ಯಾಟರಿ 20 ದಿನ ನಿಂತರೆ ಅರ್ಧಕ್ಕಿಂತ ಜಾಸ್ತಿ ಖಾಲಿ. ಮಕ್ಕಳ ಹತ್ತಿರ ಬೆಂಗಳೂರಿಗೆ ಹೋಗಿ ತಿಂಗಳು ಬಿಟ್ಟು ಬರುವವರು ಮೈನಸ್ ಬಿಚ್ಚಿಟ್ಟು ಹೋಗುವುದು ಒಳ್ಳೆಯದು. ಆದರೆ ಅರ್ಧ ಆಂಪ್ ಸೋರುತ್ತಿದ್ದರೆ ದಿನಕ್ಕೆ 12 ಆಂಪ್-ಅವರ್ ಹೋಗುತ್ತದೆ, ಎರಡನೇ ಬೆಳಿಗ್ಗೆಗೆ ಸೆಲ್ಫ್ ಹೊಡೆಯುವುದಿಲ್ಲ.

ಹಿಡಿಯುವುದು ಹೀಗೆ. ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು 10 ಆಂಪ್ ತೂತಿಗೆ ಹಾಕಿ. ಮೈನಸ್ ಕ್ಲಾಂಪ್ ಬಿಚ್ಚಿ, ಕ್ಲಾಂಪಿಗೂ ಕಂಬಕ್ಕೂ ಮಧ್ಯ ಮೀಟರ್ ಸೇರಿಸಿ. ಬಾಗಿಲುಗಳು ಮುಚ್ಚಿರಬೇಕು. ಬಾನೆಟ್ಟಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಲಾಕ್ ಮಾಡಿ, ಗಾಡಿಗೆ ಬಾನೆಟ್ ಮುಚ್ಚಿದೆ ಅಂತ ಅನ್ನಿಸಬೇಕು. ಆಮೇಲೆ ಅರ್ಧ ತಾಸು ಕಾಯಿರಿ. ಮೊದಲ ಕೆಲವು ನಿಮಿಷ 1-2 ಆಂಪ್ ತೋರಿಸಿದರೆ ಹೆದರಬೇಡಿ, ಕಂಪ್ಯೂಟರುಗಳು ನಿದ್ದೆ ಹೋಗಲು ಹೊತ್ತು ಬೇಕು. ಆಮೇಲೂ 50 ಮಿಲಿ ಆಂಪ್ ದಾಟಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಸಂಖ್ಯೆ ಬಿತ್ತೋ ಕಳ್ಳ ಆ ಓಣಿಯಲ್ಲಿದ್ದಾನೆ. ಮೀಟರ್ ಮಧ್ಯದಲ್ಲಿ ಇದ್ದಾಗ ಕೀ ಹಾಕಬೇಡಿ, ಮೀಟರ್ ಸುಡುತ್ತದೆ.

ನನಗೆ ಹೆಚ್ಚಾಗಿ ಸಿಗುವವರು ಆಮೇಲೆ ಹಾಕಿಸಿದ ಸಾಮಾನುಗಳೇ. ಡ್ಯಾಶ್ ಕ್ಯಾಮೆರಾ, ಜಿಪಿಎಸ್, ವೈರು ತಿರುವುಮುರುವಾದ ಸ್ಟೀರಿಯೋ. ಎಲ್ಲ ಫ್ಯೂಸ್ ತೆಗೆದರೂ ಸೋರಿಕೆ ನಿಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡ್ ಮೇಲೆ ಅನುಮಾನ ಪಡಿ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಒಂದು ಗಾಡಿಗೆ ಬ್ಯಾಟರಿಯೇ ಸರಿ ಇಲ್ಲ ಎಂದು ಹೇಳಿ ಕಳಿಸಿದ್ದೆ. ಬ್ಯಾಟರಿ ಬದಲಾಯಿತು, ವಾರದೊಳಗೆ ಅವರು ವಾಪಸ್ ಬಂದರು. ಡಿಕ್ಕಿಯ ದೀಪ ಮುಚ್ಚಿದ ಮೇಲೂ ಆರುತ್ತಿರಲಿಲ್ಲ. ಅಳೆಯುವಾಗ ನಾನು ಡಿಕ್ಕಿ ತೆಗೆದೇ ಇಟ್ಟಿದ್ದೆ, ಆ ಕರೆಂಟನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ಫೋನಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಇಟ್ಟು ಮುಚ್ಚುತ್ತೇನೆ. ಒಂದು ನಿಮಿಷ ಬಿಟ್ಟು ತೆಗೆದು ನೋಡಿದರೆ ದೀಪ ಆರಿತೋ ಇಲ್ಲವೋ ಗೊತ್ತಾಗುತ್ತದೆ.

ಇಲಿ ವೈರ್ ಕಡಿದಿದ್ದರೂ ಹೀಗೆ ಆಗುತ್ತದಾ?

ಆಗದೇ ಏನು! ಬ್ಯಾಟರಿ ಸತ್ತು ನಾಲ್ಕು ದಿನ ಗಾಡಿ ಅಲ್ಲಾಡದೆ ನಿಂತಿತು ಅಂದರೆ ಇಲಿಗೆ ಮನೆ ಸಿಕ್ಕಂತೆ. ಕಡ್ಲಿ ಚೀಲ, ಗೋವಿನಜೋಳದ ರಾಶಿ ಇರುವ ಅಂಗಳದಲ್ಲೇ ಕಾರು ನಿಲ್ಲಿಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಹಾವೇರಿ ಕಡೆಯಿಂದ ಬಂದ ಒಂದು ಗಾಡಿಯ ಏರ್ ಫಿಲ್ಟರ್ ಡಬ್ಬಿಯಲ್ಲಿ ಎರಡು ಬೊಗಸೆ ಗೋವಿನಜೋಳ ಸಿಕ್ಕಿತು. ಹೊಸ ಬ್ಯಾಟರಿ ಹಾಕಿದಾಗ ಇಂಜಿನ್ ದೀಪ ಹತ್ತಿತ್ತು, ಪಾಪ ಬ್ಯಾಟರಿಯವನಿಗೆ ಬೈಗುಳ ಬಿದ್ದಿತ್ತು. ಹಿಕ್ಕೆ, ಹತ್ತಿ ಚೂರು, ಬರಿ ತಾಮ್ರದ ತಂತಿ ಕಂಡರೆ ಮುಟ್ಟದೆ ಫೋಟೋ ತೆಗೆಯಿರಿ. ವಿಮೆಗೆ ಬೇಕಾಗಬಹುದು. ಹೊಗೆಸೊಪ್ಪು, ನುಸಿ ಗುಳಿಗೆ ಒಂದೆರಡು ದಿನ ನಡೆಯುತ್ತವೆ, ಆಮೇಲೆ ಇಲಿ ಅದಕ್ಕೂ ಒಗ್ಗುತ್ತದೆ. ಚೀಲಗಳಿಂದ ದೂರ ನಿಲ್ಲಿಸುವುದೇ ಗಟ್ಟಿ ಉಪಾಯ.

ರಿಮೋಟ್ ಒತ್ತಿದರೆ ಲಾಕ್ ತೆಗೆಯುತ್ತಿಲ್ಲ. ಸ್ಟಾರ್ಟೂ ಆಗುತ್ತಿಲ್ಲ, ಮೀಟರಿನಲ್ಲಿ ಕೀ ಗುರುತು ಮಿಣುಕುತ್ತಿದೆ.

ಕೀಯಿಂದಲೇ ಬಾಗಿಲನ್ನು ಒಮ್ಮೆ ಲಾಕ್ ಮಾಡಿ, ತೆಗೆಯಿರಿ. ಎಷ್ಟೋ ಗಾಡಿ ಅಷ್ಟಕ್ಕೇ ಒಪ್ಪುತ್ತವೆ. ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗಲು ಬಿಡದ ಕಂಪನಿಯ ಇಮ್ಮೊಬಿಲೈಸರ್ ಕೀಯ ಗುರುತನ್ನು ಬ್ಯಾಟರಿ ಇಲ್ಲದಿದ್ದರೂ ಅಳಿಯದ ಜಾಗದಲ್ಲಿ ಇಡುತ್ತದೆ. ಹಾಗಾಗಿ "ಬ್ಯಾಟರಿ ಬಿಚ್ಚಿದ್ದಕ್ಕೆ ಕೀ ಹೊಸದಾಗಿ ಕೋಡ್ ಮಾಡಬೇಕು" ಅಂದರೆ ಕೂಡಲೇ ದುಡ್ಡು ತೆಗೆಯಬೇಡಿ. ಎರಡನೇ ಕೀಯಿಂದ ಪ್ರಯತ್ನಿಸಿ, ಕ್ಲಾಂಪ್ ನೋಡಿ. ಹೊರಗಿನವರು ಹಾಕಿದ ಸೆಂಟ್ರಲ್ ಲಾಕ್ ಆಗಿದ್ದರೆ ರಿಮೋಟ್ ಮತ್ತೆ ಜೋಡಿಸಬೇಕಾಗಬಹುದು.

ಸ್ಟೀರಿಯೋ ಕೋಡ್ ಕೇಳುತ್ತಿದೆ.

ಸುಮ್ನೆ ಅಂದಾಜಿಗೆ ಒತ್ತಬೇಡಿ, ಕೆಲವು ಸಲ ತಪ್ಪಿದರೆ ತಾಸುಗಟ್ಟಲೆ ಬೀಗ ಹಾಕಿಕೊಳ್ಳುತ್ತದೆ. ಕೋಡ್ ಮ್ಯಾನುಯಲ್ ಜೊತೆಗಿನ ಕಾರ್ಡಿನಲ್ಲಿ ಇರುತ್ತದೆ. ಕಳೆದಿದ್ದರೆ ಚಾಸಿ ನಂಬರ್ ಮತ್ತು ಆರ್‌ಸಿ ತೋರಿಸಿ ಷೋರೂಮಿನಲ್ಲಿ ಕೇಳಿ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರು ನನ್ನದು. ಹೊಸ ಬ್ಯಾಟರಿ ಹಾಕಿದ ಮೇಲೆ ಅದು ಕೆಲಸ ಮಾಡುತ್ತಿಲ್ಲ.

ಮೊದಲು ಒಂದು ರಾತ್ರಿ ಲಾಕ್ ಮಾಡಿ ಬಿಡಿ. ಈ ಗಾಡಿಗಳ ಮೈನಸ್ ಕ್ಲಾಂಪಿನಲ್ಲಿ ಒಂದು ಸೆನ್ಸರ್ ಇರುತ್ತದೆ, ಹೊಸ ಬ್ಯಾಟರಿಯ ಸ್ಥಿತಿ ಅಳೆಯಲು ಅದಕ್ಕೆ ಕೆಲವು ತಾಸು ಗಾಡಿ ಸುಮ್ಮನೆ ನಿಂತಿರಬೇಕು. ಕೆಲವು ಕಂಪನಿಗಳ ಕಾರಿನಲ್ಲಿ, ಬಿಎಂಡಬ್ಲ್ಯು ಥರದವುಗಳಲ್ಲಿ, ಹೊಸ ಬ್ಯಾಟರಿ ಬಂದಿದೆ ಅಂತ ಸ್ಕ್ಯಾನರ್‌ನಿಂದ ದಾಖಲೆಯೇ ಮಾಡಬೇಕು.

ಎರಡನೆಯದಾಗಿ, ಹಾಕಿದ್ದು ಯಾವ ಬ್ಯಾಟರಿ? ಇವಕ್ಕೆ ಇಎಫ್‌ಬಿ ಅಥವಾ ಎಜಿಎಂ ಎಂಬ ಗಟ್ಟಿ ಜಾತಿ ಬೇಕು. ದಿನಕ್ಕೆ ಹತ್ತಾರು ಸಲ ಸೆಲ್ಫ್ ಹೊಡೆಯುವ ಗಾಡಿ ಅದು. ಸಾದಾ ಬ್ಯಾಟರಿ ಹಾಕಿದರೆ ಎರಡು ಮೂರು ಸಾವಿರ ಉಳಿದ ಹಾಗೆ ಕಾಣುತ್ತದೆ, ಆದರೆ ಅದು ಬೇಗ ಸಾಯುತ್ತದೆ. ನಾನಂತೂ ಈ ಉಳಿತಾಯಕ್ಕೆ ಒಪ್ಪುವುದಿಲ್ಲ.

ಗ್ಯಾರೇಜಿನಲ್ಲಿ ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಹೋಗಿದೆ ಅಂದರು. ನಂಬಲಾ?

ಪ್ಲಸ್ ಮೈನಸ್ ಅದಲುಬದಲು ಆಗಿದ್ದರೆ ನಂಬುವ ಮಾತು. ಆಗಿಲ್ಲ ಅಂದರೆ ಮೂರು ಪ್ರಶ್ನೆ ಕೇಳಿ. ಸ್ಕ್ಯಾನರ್ ಇಸಿಎಂ ಜೊತೆ ಮಾತಾಡಿತಾ? ಇಸಿಎಂಗೆ ಬರುವ 12 ವೋಲ್ಟ್ ಮತ್ತು ಅರ್ಥಿಂಗ್ ಅಳೆದಿರಾ? ಸ್ಕ್ಯಾನರಿನಲ್ಲಿ ಯಾವ ದೋಷದ ಕೋಡ್ ಬಂತು? ಉತ್ತರ ತಡವರಿಸಿದರೆ ಗಾಡಿ ಬೇರೆ ಕಡೆ ತೋರಿಸಿ. ಹುಬ್ಬಳ್ಳಿಯ ಗೋಕುಲ ರೋಡಿನ ಉದ್ದಕ್ಕೂ ಕೆಲಸ ಬಲ್ಲವರು ಇದ್ದಾರೆ. ಬ್ಯಾಟರಿ ಪೂರಾ ಇಳಿದಿದ್ದಾಗ ಸ್ಕ್ಯಾನ್ ಮಾಡಿದರೆ ಹತ್ತಿಪ್ಪತ್ತು ಕೋಡ್ ಒಟ್ಟಿಗೆ ಬರುತ್ತವೆ. ಅದು ಹತ್ತಿಪ್ಪತ್ತು ರೋಗ ಅಲ್ಲ, ಒಂದೇ ಹಸಿವು. ಅಳಿಸಿ, ಓಡಿಸಿ, ಮತ್ತೆ ಬಂದವನ್ನು ಮಾತ್ರ ಹಿಡಿಯಬೇಕು.

ಮುಂದಿನ ಸಲ ನಾನೇ ಬದಲಿಸಬೇಕು ಅಂತಿದ್ದೇನೆ. ಕ್ರಮ ಹೇಳಿ.

ಕೀ ತೆಗೆದು ಜೇಬಿನಲ್ಲಿಡಿ, ಒಂದು ಕಿಟಕಿ ಇಳಿಸಿಡಿ, ಎರಡು ಮೂರು ನಿಮಿಷ ಕಾಯಿರಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಯಾಕಂದರೆ ಇಡೀ ಬಾಡಿ ಮೈನಸ್. ಮೈನಸ್ ಬಿಚ್ಚದೆ ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಬರುವ ಹೈಡ್ರೋಜನ್‌ಗೆ ಕಿಡಿ ಆಗಿಬರುವುದಿಲ್ಲ. ಉಂಗುರ, ಕಡಗ ತೆಗೆದಿಡಿ. ಕ್ಲಾಂಪಿನ ಮೇಲಿನ ಬಿಳಿ, ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿಯನ್ನು ಅಲುಗದಂತೆ ಹಿಡಿದಿಡುವ ಪಟ್ಟಿ ಹಾಕದೆ ಬಿಡಬೇಡಿ. ಬ್ಯಾಟರಿ ಕುಣಿದರೆ ಒಳಗಿನ ಪ್ಲೇಟ್ ಉದುರುತ್ತದೆ.

ಹಳೇ ಬ್ಯಾಟರಿ ಮನೆಯಲ್ಲೇ ಇಟ್ಟುಕೊಳ್ಳಲಾ?

ಅಂಗಡಿಗೇ ಕೊಡಿ, ಬಿಲ್ಲಿನಲ್ಲಿ ಕಡಿತ ಸಿಗುತ್ತದೆ. ಒಳಗಿರುವುದು ಸೀಸ ಮತ್ತು ಗಂಧಕದ ಆಮ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಕಸದ ಜೊತೆ ಎಸೆಯುವಂತಿಲ್ಲ. ಗುಜರಿಯವರು ಅಂಗಳದಲ್ಲೇ ಒಡೆದು ಸೀಸ ತೆಗೆಯುವುದನ್ನು ಕಂಡರೆ ಮಕ್ಕಳನ್ನು ಆ ಕಡೆ ಬಿಡಬೇಡಿ.

ಎಲ್ಲ ಸರಿಯಾಯಿತು. ಗಡಿಯಾರ ಮಾತ್ರ ತಪ್ಪು ತೋರಿಸುತ್ತಿದೆ.

ಮೀಟರಿನಲ್ಲಿ ಕಿಲೋಮೀಟರ್ ಬದಲಿಸುವ ಸಣ್ಣ ಗುಬ್ಬಿ ಇದೆಯಲ್ಲ, ಹಲವು ಕಾರುಗಳಲ್ಲಿ ಅದನ್ನೇ ಒತ್ತಿ ಹಿಡಿದರೆ ತಾಸು ಮಿಣುಕುತ್ತದೆ. ಬರದಿದ್ದರೆ ಮನೆಯ ಹುಡುಗರ ಕೈಗೆ ಕೊಡಿ. ನಾನೂ ನನ್ನ ಗಾಡಿಯದನ್ನು ಮಗಳ ಕೈಲೇ ಮಾಡಿಸುವುದು.